ಲೋಪ, ಆಗಮ, ಆದೇಶ

ನಮ್ಮ ಮನೆಯ ಗಣಕಯಂತ್ರವು 2018ನೆಯ ಇಸವಿಯ ದೀಪಾವಳಿಗೆ ಕೊಂಡದ್ದು. ಏಳು ವರ್ಷಗಳ ಕಾಲ ಅದು ನಮ್ಮ ಪ್ರಶ್ನಪತ್ರಿಕೆಗಳನ್ನೂ, ಮಗಳ ಅರ್ಜಿಗಳನ್ನೂ, ಕರೆಂಟಿನ ಬಿಲ್ಲುಗಳನ್ನೂ, ತಿಂಗಳಿಗೊಮ್ಮೆ ಈ ಪುಟಕ್ಕೆ ನಾವು ಬರೆಯುವ ಲೇಖನವನ್ನೂ ಬೇಸರಿಸದೆ ಹೊತ್ತುಕೊಂಡು ಬಂದಿತು. 2025ನೆಯ ಇಸವಿಯ ಮಳೆಗಾಲವು ಮುಗಿಯುತ್ತ ಬಂದಿರಲು, ಒಂದು ದಿನ ಬೆಳಿಗ್ಗೆ ಯಂತ್ರವನ್ನು ಹೊತ್ತಿಸಿದೊಡನೆಯೇ ತೆರೆಯ ತುಂಬ ಒಂದು ಸೂಚನೆಯು ಕಾಣಿಸಿಕೊಂಡಿತು. ಅಕ್ಟೋಬರ್ 14ನೆಯ ತಾರೀಖಿಗೆ ವಿಂಡೋಸ್ 10 ಎಂಬ ವ್ಯವಸ್ಥೆಗೆ ಬೆಂಬಲವು ಮುಗಿಯುವುದೆಂದೂ, ಅಷ್ಟರೊಳಗಾಗಿ ವಿಂಡೋಸ್ 11ಕ್ಕೆ ಬರತಕ್ಕದ್ದೆಂದೂ, ಆದರೆ ಈ ಯಂತ್ರವು ಅದಕ್ಕೆ ಯೋಗ್ಯವಲ್ಲವೆಂದೂ ಅದು ಒಂದೇ ಉಸಿರಿನಲ್ಲಿ ತಿಳಿಸಿತು. ನಿವೃತ್ತರಾಗಿ ಕೆಲವೇ ತಿಂಗಳುಗಳಾಗಿದ್ದ ನಮಗೆ ಈ ಕಡೆಯ ಮಾತು ಕೊಂಚ ಚುಚ್ಚಿತೆಂದು ಒಪ್ಪಿಕೊಳ್ಳುತ್ತೇವೆ.

ಇದೇ ಸೂಚನೆಯನ್ನು ಕಂಡು ಗಾಬರಿಯಾದ ಓದುಗರು ಹಲವರಿರುವರು. ಹಳೆಯದನ್ನು ಎಸೆದು ಹೊಸ ಯಂತ್ರವನ್ನೇ ಕೊಳ್ಳಬೇಕೇ, ಇದ್ದುದರಲ್ಲಿಯೇ ಸುಧಾರಿಸಬಹುದೇ ಎಂದು ಅವರು ಕಾಗದ ಬರೆದು ಕೇಳಿದ್ದಾರೆ. ನಾವು ಯಂತ್ರಶಾಸ್ತ್ರವನ್ನು ಕಲಿತವರಲ್ಲ, ಸಂಸ್ಕೃತದ ಮೇಷ್ಟರಾಗಿದ್ದವರು. ನಮ್ಮ ಮನೆಯಲ್ಲಿ ನಡೆದುದನ್ನು ನಡೆದಂತೆ ಹೇಳುವುದಷ್ಟೇ ನಮ್ಮಿಂದಾಗುವ ಉಪಕಾರ.

ಆಪರೇಟಿಂಗ್ ಸಿಸ್ಟಂ ಎಂದರೇನೆಂಬುದನ್ನು ಬಲ್ಲವರು ಮುಂದಿನ ನಾಲ್ಕು ಸಾಲುಗಳನ್ನು ದಾಟಿ ಓದಬಹುದು. ಯಂತ್ರವು ಮನೆಯಿದ್ದಂತೆ. ಬರೆಯುವುದಕ್ಕೂ, ಲೆಕ್ಕವಿಡುವುದಕ್ಕೂ, ಚಿತ್ರ ನೋಡುವುದಕ್ಕೂ ಇರತಕ್ಕ ತಂತ್ರಾಂಶಗಳು ಆ ಮನೆಯಲ್ಲಿ ಕೆಲಸ ಮಾಡುವವರು. ಯಾವ ಒಲೆ ಯಾರಿಗೆ, ಯಾವ ಪಾತ್ರೆ ಎಲ್ಲಿ, ಬಾಗಿಲು ತಟ್ಟಿದವನನ್ನು ಒಳಗೆ ಬಿಡಬೇಕೇ ಬೇಡವೇ ಎಂಬುದನ್ನೆಲ್ಲ ನಿರ್ಣಯಿಸುವ ಯಜಮಾನಿಯೇ ಈ ವ್ಯವಸ್ಥೆ. ಯಜಮಾನಿಯು ಬದಲಾದರೆ ಮನೆ ಅದೇ ಆಗಿದ್ದರೂ ನಡವಳಿಕೆಯೆಲ್ಲ ಬದಲಾಗುವುದೆಂಬುದನ್ನು ಗೃಹಸ್ಥರಿಗೆ ಬಿಡಿಸಿ ಹೇಳಬೇಕಾದದ್ದಿಲ್ಲ.

ಬೆಂಬಲವು ನಿಲ್ಲುವುದೆಂದರೆ ಯಂತ್ರವು ನಿಲ್ಲುವುದೆಂದಲ್ಲ. ಮರುದಿನವೂ ಅದು ಹಿಂದಿನಂತೆಯೇ ನಡೆಯುತ್ತದೆ. ಆದರೆ ಕನ್ನವಿಕ್ಕುವವರು ಗೋಡೆಯಲ್ಲಿ ಹೊಸ ಹೊಸ ಸಂದುಗಳನ್ನು ಹುಡುಕುತ್ತಲೇ ಇರುವರಷ್ಟೆ. ಆ ಸಂದುಗಳನ್ನು ತಿಂಗಳು ತಿಂಗಳೂ ಮುಚ್ಚಿಕೊಡುತ್ತಿದ್ದ ಕೆಲಸವು ನಿಲ್ಲುತ್ತದೆ. ಬ್ಯಾಂಕಿನ ವ್ಯವಹಾರವನ್ನು ಮನೆಯಿಂದಲೇ ಮಾಡುವವರಿಗೆ ಇದು ಅಲಕ್ಷ್ಯಮಾಡತಕ್ಕ ವಿಷಯವಲ್ಲ. ಹೀಗಾಗುತ್ತಿರುವುದು ಇದೇ ಮೊದಲೂ ಅಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯು 2014ನೆಯ ಏಪ್ರಿಲ್ 8ರಂದು ಅವಸಾನ ಹೊಂದಿತು. 2009ರ ವಿಂಡೋಸ್ 7, 2020ನೆಯ ಜನವರಿ 14ರಂದು. 2015ರ ಜುಲೈಯಲ್ಲಿ ಹುಟ್ಟಿದ ವಿಂಡೋಸ್ 10, ಮೇಲೆ ಹೇಳಿದ ಅಕ್ಟೋಬರಿನಲ್ಲಿ.

ಇವುಗಳಲ್ಲಿ ಎಕ್ಸ್‌ಪಿಯ ಅವಸಾನದ ಕಾಲದಲ್ಲಿ ನಮ್ಮಿಂದ ಒಂದು ಅಪರಾಧವು ನಡೆಯಿತು. ಅದನ್ನು ಮರೆಮಾಡಿ ಮುಂದಿನದನ್ನು ಬರೆಯುವುದು ನ್ಯಾಯವಲ್ಲ.

ನಮ್ಮ ಅತ್ತೆಯವರು ತೀರ್ಥಹಳ್ಳಿಯ ಕಡೆಯವರು. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ತೊಟ್ಟಿಲ ಹಾಡು, ಆರತಿಯ ಹಾಡು ಇವೆಲ್ಲವೂ ಅವರಿಗೆ ಪುಸ್ತಕದ ಹಂಗಿಲ್ಲದೆ ಬಾಯಲ್ಲಿಯೇ ಇದ್ದವು. 2007ರಿಂದ ಮೂರು ವರ್ಷಗಳ ಕಾಲ, ಅವರು ನಮ್ಮಲ್ಲಿಗೆ ಬಂದಾಗಲೆಲ್ಲ, ನಮ್ಮ ಮನೆಯವರು ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಹಾಡನ್ನೂ ಕೇಳಿ ಕೇಳಿ ನುಡಿ ಎಂಬ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದರು. ಒಟ್ಟು 143 ಹಾಡುಗಳಾದವು. 2012ರಲ್ಲಿ ಅತ್ತೆಯವರು ತೀರಿಕೊಂಡರು. 2014ರಲ್ಲಿ ನಾವು ಅಂದಿನ ಯಂತ್ರವನ್ನು ಒಂದು ಅಂಗಡಿಗೆ ಒಯ್ದು ಹೊಸ ವ್ಯವಸ್ಥೆಯನ್ನು ಹಾಕಿಕೊಡುವಂತೆ ಹೇಳಿದೆವು. ಅಂಗಡಿಯ ಹುಡುಗನು ಸರಿಯಾಗಿಯೇ ಕೇಳಿದನು: “ಸಾರ್, ಸಿ ಡ್ರೈವ್ ಪೂರ್ತಿ ಅಳಿಸಿಹೋಗುತ್ತೆ, ಡಿ ಡ್ರೈವ್ ಮುಟ್ಟೋದಿಲ್ಲ. ಸಿ ಒಳಗೆ ಏನಾದರೂ ಇದೆಯಾ?” ಏನೂ ಇಲ್ಲವೆಂದೆವು. ನಮ್ಮ ಪ್ರಶ್ನಪತ್ರಿಕೆಗಳು ಡಿ ಎಂಬ ಭಾಗದಲ್ಲಿದ್ದವು. ಆದುದರಿಂದ ಆ ಯಂತ್ರದಲ್ಲಿ ಇರತಕ್ಕ ಬರಹವೆಲ್ಲವೂ ಅಲ್ಲಿಯೇ ಇರುವುದೆಂದು ಭಾವಿಸಿದ್ದೆವು. ಹಾಡುಗಳಿದ್ದದ್ದು ಡೆಸ್ಕ್‌ಟಾಪಿನ ಮೇಲೆ. ಯಂತ್ರವನ್ನು ತೆರೆದೊಡನೆ ಕಣ್ಣಿಗೆ ಬೀಳುವ ಆ ತಾಣವು ಸಿ ಭಾಗಕ್ಕೆ ಸೇರಿದ್ದೆಂಬುದು ನಮಗೆ ತಿಳಿದದ್ದು ಅಂದಿನ ಸಂಜೆ.

ಶಿವಮೊಗ್ಗದಲ್ಲಿರುವ ಭಾವಮೈದುನನಿಗೆ ಮನೆಯವರು ಮೊದಲೇ ಒಂದು ಸಿ.ಡಿ.ಯಲ್ಲಿ ಕಳುಹಿಸಿದ್ದ 112 ಹಾಡುಗಳು ಹಿಂದಿರುಗಿ ಬಂದವು. ಉಳಿದ 31 ಬರಲಿಲ್ಲ. ಆ ದಿನ ಅವರು ನಮಗೆ ಏನನ್ನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಾಗಿತ್ತು.

ಹನ್ನೊಂದು ವರ್ಷಗಳ ತರುವಾಯ ತೆರೆಯ ಮೇಲೆ ಈ ಹೊಸ ಸೂಚನೆಯು ಬಂದಾಗ, ನಾವು ಕನ್ನಡಕವನ್ನು ಹುಡುಕುತ್ತಿದ್ದ ಸಮಯದಲ್ಲಿಯೇ ಅವರು ಬಂದು ಓದಿ, “ಈ ಸಲ ಮೊದಲು ಅಮ್ಮನ ಹಾಡು, ಆಮೇಲೆ ನಿಮ್ಮ ವಿಂಡೋಸು” ಎಂದರು. ಈ ಕ್ರಮವೇ ಸರಿಯಾದದ್ದೆಂದು ಈಗ ನಾವು ಎಲ್ಲರಿಗೂ ಹೇಳುತ್ತೇವೆ. ವ್ಯವಸ್ಥೆಯನ್ನು ಮತ್ತೆ ತರಬಹುದು, ತಂತ್ರಾಂಶಗಳನ್ನು ಮತ್ತೆ ಹಾಕಿಸಬಹುದು. ಲೋಕದಲ್ಲಿ ಬೇರೆಲ್ಲಿಯೂ ಇಲ್ಲದೆ ಈ ಒಂದು ಪೆಟ್ಟಿಗೆಯಲ್ಲಿ ಮಾತ್ರ ಇರುವುದು ಯಾವುದು ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಅದನ್ನು ಹುಡುಕುವುದಕ್ಕೆ ನಮಗೆ ಎರಡು ದಿನ ಹಿಡಿಯಿತು. ಡೆಸ್ಕ್‌ಟಾಪು, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಂಬ ಮೂರು ಮನೆಗಳಲ್ಲದೆ, ಮೊಬೈಲಿನಿಂದ ಎಂದೋ ಇಳಿಸಿ ಮರೆತ ಚಿತ್ರಗಳು, ಬ್ರೌಸರಿನಲ್ಲಿ ಗುರುತಿಟ್ಟುಕೊಂಡ ಪುಟಗಳು, ಅಲ್ಲಿಯೇ ಉಳಿಸಿದ ಸಂಕೇತಪದಗಳು ಎಲ್ಲವೂ ಹೊರಬಿದ್ದವು. ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೂ, ಹಾಡುಗಳನ್ನು ಮಾತ್ರ ಬೇರೆಯಾಗಿ ಒಂದು ಪೆನ್ ಡ್ರೈವಿಗೂ ಇಳಿಸಿದೆವು. ಪೆನ್ ಡ್ರೈವು ಮಗಳ ಮನೆಗೆ ಹೋಯಿತು. ಎರಡು ಪ್ರತಿಗಳನ್ನೂ ಒಂದೇ ಬೀರುವಿನಲ್ಲಿಡುವುದು ಒಂದು ಪ್ರತಿಯನ್ನಿಟ್ಟಂತೆಯೇ ಸರಿ.

ಪ್ರತಿ ಮಾಡಿದರೆ ಸಾಲದು. ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಮಗಳು ತನ್ನ ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದಳು; ತೆರೆದವಳು ಗಾಬರಿಯಾಗಿ ದೂರವಾಣಿಯಲ್ಲಿ ಕರೆದಳು. ಕಡತವಿದೆ, ಸಾಲುಗಳಿವೆ, ಕನ್ನಡವಿಲ್ಲ! ನೆತ್ತಿಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರಗಳೂ ನಡುನಡುವೆ ಇಂಗ್ಲೆಂಡಿನ ಪೌಂಡು ನಾಣ್ಯದ ಗುರುತೂ ಪುಟದ ತುಂಬ ಚೆಲ್ಲಿದ್ದವು.

ಇದರ ಕಾರಣವು ತಿಳಿಯತಕ್ಕದ್ದಾಗಿದೆ. ಏಕೆಂದರೆ 2000ನೆಯ ಇಸವಿಯ ಆಚೀಚೆಗೆ ಕನ್ನಡದಲ್ಲಿ ಬೆರಳಚ್ಚು ಮಾಡಿಟ್ಟವರ ಮನೆಗಳಲ್ಲೆಲ್ಲ ಇದೇ ಗಂಡಾಂತರವುಂಟು. ಗಣಕವು ಅಕ್ಷರವನ್ನರಿಯದು, ಅಂಕೆಯನ್ನು ಮಾತ್ರ ಬಲ್ಲದು. ರೋಮನ್ ಲಿಪಿಯ ದೊಡ್ಡ ‘ಪಿ’ಗೆ ಅದರಲ್ಲಿ 80 ಎಂಬ ಅಂಕೆಯು ನಿಯತವಾಗಿದೆ. ಕನ್ನಡಕ್ಕೆ ತನ್ನದೇ ಆದ ಸ್ಥಳವು ಸಾಮಾನ್ಯ ಯಂತ್ರಗಳಲ್ಲಿ ದೊರೆಯದಿದ್ದ ಕಾಲದಲ್ಲಿ ನುಡಿ ಮೊದಲಾದ ತಂತ್ರಾಂಶಗಳನ್ನು ರಚಿಸಿದವರು ಒಂದು ಜಾಣ ಉಪಾಯವನ್ನು ಹೂಡಿದರು. 80 ಎಂಬ ಅಂಕೆ ಬಂದೆಡೆಯಲ್ಲಿ ‘ಪಿ’ಯ ಆಕಾರಕ್ಕೆ ಬದಲಾಗಿ ತಲೆಕಟ್ಟಿಲ್ಲದ ಕಕಾರದ ಆಕಾರವನ್ನೂ, ಪೌಂಡಿನ ಗುರುತು ಬಂದೆಡೆಯಲ್ಲಿ ನಕಾರದ ಆಕಾರವನ್ನೂ ತೋರಿಸುವ ಫಾಂಟುಗಳನ್ನು ಮಾಡಿದರು. ಒಳಗಿರುವುದು ಇಂಗ್ಲಿಷು, ಮೇಲೆ ಕನ್ನಡದ ವೇಷ. ಫಾಂಟು ಇರುವವರೆಗೆ ವೇಷವು ನಿಲ್ಲುತ್ತದೆ. ಆ ಉಪಾಯದಿಂದಲೇ ನಾಡಿನ ಕಚೇರಿಗಳೂ ಅಚ್ಚುಕೂಟಗಳೂ ವರ್ಷಾನುಗಟ್ಟಲೆ ನಡೆದುವಾದುದರಿಂದ ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಮಗಳ ಯಂತ್ರದಲ್ಲಿ ಆ ಫಾಂಟು ಇರಲಿಲ್ಲ, ವೇಷವು ಕಳಚಿತು.

ಯೂನಿಕೋಡ್ ಎಂಬ ಈಗಿನ ಕ್ರಮದಲ್ಲಿ ಕನ್ನಡಕ್ಕೆಂದೇ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ಅಲ್ಲಿ ಕಕಾರದ ಅಂಕೆ 3221. ಅದು ಯಾವ ದೇಶದ ಯಾವ ಯಂತ್ರದಲ್ಲಿಯೂ ಕಕಾರವೇ ಹೊರತು ಬೇರೆಯಲ್ಲ. 2001ರ ಎಕ್ಸ್‌ಪಿಯಲ್ಲಿಯೇ ಇದಕ್ಕೆ ಅನುಕೂಲವಿದ್ದು, ತುಂಗಾ ಎಂಬ ಹೆಸರಿನ ಫಾಂಟೂ ಅದರೊಡನೆ ಬಂದಿತ್ತು. ತುಂಗೆಯ ದಡದ ಹಾಡುಗಳನ್ನು ತುಂಗಾದಲ್ಲಿ ಬರೆಯದೆ ಹೋದೆವಲ್ಲಾ ಎಂದು ನಾವು ಹಾಸ್ಯಕ್ಕೆ ಹೇಳಿದ್ದು ಮನೆಯಲ್ಲಿ ಅಷ್ಟಾಗಿ ರುಚಿಸಲಿಲ್ಲ.

ಹಳೆಯ ಸಂಕೇತದಲ್ಲಿರುವುದನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಧರ್ಮಾರ್ಥವಾಗಿಯೇ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಒಂದೊಂದು ಪಂಕ್ತಿಯನ್ನೂ ಮೂಲದೊಡನೆ ಹೋಲಿಸಿ ನೋಡಲೇಬೇಕು. ಉದಾಹರಣೆಗೆ ಅರ್ಕಾವೊತ್ತು. ‘ಸೂರ್ಯ’ ಎಂದು ಬರೆಯುವಾಗ ರೇಫದ ಗುರುತು ಯಕಾರದ ಹಿಂದೆ ನಿಲ್ಲುತ್ತದೆ. ಉಚ್ಚಾರಣೆಯಲ್ಲಿ ರೇಫವು ಯಕಾರಕ್ಕೆ ಮೊದಲು ಬರುತ್ತದೆ. ಹಳೆಯ ಕ್ರಮವು ಕಣ್ಣನ್ನು ಅನುಸರಿಸಿದ್ದು, ಹೊಸ ಕ್ರಮವು ಕಿವಿಯನ್ನು ಅನುಸರಿಸುತ್ತದೆ. ಆದುದರಿಂದ ಪರಿವರ್ತಿಸುವ ಸಾಧನವು ಪ್ರತಿಯೊಂದು ರೇಫವನ್ನೂ ಎತ್ತಿ ಹಿಂದಕ್ಕೆ ಕೂರಿಸಬೇಕು. ಒಮ್ಮೊಮ್ಮೆ ತಪ್ಪಿ ಪಕ್ಕದ ಮನೆಯಲ್ಲಿ ಕೂರಿಸುವುದೂ ಉಂಟು. ಅಲ್ಲದೆ, ಅತ್ತೆಯವರು ಹಾಡನ್ನು ಎಳೆದ ಕಡೆಯಲ್ಲೆಲ್ಲ ಮಗಳು ಅಕ್ಷರದ ಮುಂದೆ ದೀರ್ಘದ ಗುರುತನ್ನು ಎರಡು ಸಲ, ಮೂರು ಸಲ ಒತ್ತಿದ್ದರು. ಯೂನಿಕೋಡಿನ ವ್ಯಾಕರಣದಲ್ಲಿ ಅದಕ್ಕೆ ಸ್ಥಳವಿಲ್ಲ. ಆ ದೀರ್ಘಗಳು ಅಕ್ಷರದಿಂದ ಕಳಚಿ, ಚುಕ್ಕೆಗಳಿಂದಾದ ಬರಿಯ ವೃತ್ತಗಳ ಪಕ್ಕದಲ್ಲಿ ಅನಾಥವಾಗಿ ನಿಂತವು. ಅವನ್ನು ಅಳಿಸಿದರೆ ಪಾಠವು ಶುದ್ಧವಾಗುತ್ತದೆ, ಹಾಡಿನ ಎಳೆತವು ಹೋಗುತ್ತದೆ. ಎಳೆದ ಕಡೆಯಲ್ಲಿ ಒಂದು ಅಡ್ಡಗೆರೆಯನ್ನು ಹಾಕುವುದೆಂದು ಇಬ್ಬರೂ ಕೂಡಿ ತೀರ್ಮಾನಿಸಿದೆವು.

ಇನ್ನು ಯಂತ್ರದ ವಿಚಾರ. ಯೋಗ್ಯವಲ್ಲವೆಂದು ಸೂಚನೆಯು ಹೇಳಿದ್ದನ್ನು ನಂಬಿ ನಾವು ಹೊಸದನ್ನು ಕೊಳ್ಳುವುದರಲ್ಲಿದ್ದೆವು. ಬೆಂಗಳೂರಿನಲ್ಲಿರುವ ಸೋದರಳಿಯನು ತಡೆದನು. “ಮಾವ, ಪ್ರೊಸೆಸರು ಯಾವ ತಲೆಮಾರಿನದು ನೋಡಿ” ಎಂದನು. ಎಂಟನೆಯ ತಲೆಮಾರಿನ ಇಂಟೆಲ್. 2021ರ ಅಕ್ಟೋಬರಿನಲ್ಲಿ ಹೊರಬಂದ ವಿಂಡೋಸ್ 11, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದ ಮುಂದಿನವನ್ನು ಒಪ್ಪಿಕೊಳ್ಳುತ್ತದೆ. ಕನಿಷ್ಠಪಕ್ಷ 4 ಜಿಬಿ ಸ್ಮೃತಿಯನ್ನೂ 64 ಜಿಬಿ ಸಂಗ್ರಹಸ್ಥಳವನ್ನೂ, ಇವೆಲ್ಲಕ್ಕಿಂತ ಮಿಗಿಲಾಗಿ ಟಿಪಿಎಂ 2.0 ಎಂಬುದನ್ನೂ ಕೇಳುತ್ತದೆ. ಈ ಟಿಪಿಎಂ ಎಂಬುದು ಗುಪ್ತವಾದ ಕೀಲಿಕೈಗಳನ್ನು ಕಾಪಾಡುವ ಭದ್ರವಾದ ಕರಡಿಗೆ. ಅನೇಕ ಯಂತ್ರಗಳಲ್ಲಿ ಅದು ಪ್ರೊಸೆಸರಿನೊಳಗೇ ಅಡಗಿರುತ್ತದೆ. ಆದರೆ ತಯಾರಕರು ಅದನ್ನು ನಿದ್ರೆಯಲ್ಲಿಯೇ ಬಿಟ್ಟಿರುತ್ತಾರೆ. ನಮ್ಮದೂ ಹಾಗೆಯೇ ಇದ್ದಿತು. ಯಂತ್ರವು ಏಳುವಾಗ ನಿಯತವಾದ ಒಂದು ಕೀಲಿಯನ್ನು ಒತ್ತಿ ಬಯಾಸ್ ಎಂಬ ಒಳಕೋಣೆಯನ್ನು ಹೊಕ್ಕು, ಇಂಟೆಲ್ ಆದರೆ ಪಿಟಿಟಿ ಎಂದೂ ಎಎಂಡಿ ಆದರೆ ಎಫ್‌ಟಿಪಿಎಂ ಎಂದೂ ಇರುವುದನ್ನು ಎಚ್ಚರಗೊಳಿಸಬೇಕು. ಸೋದರಳಿಯನು ದೂರವಾಣಿಯಲ್ಲಿ ಹೇಳುತ್ತ ಹೋದಂತೆ ನಾವು ಒತ್ತುತ್ತ ಹೋದೆವು. ಅಯೋಗ್ಯವೆನಿಸಿದ್ದ ಯಂತ್ರವು ಕಾಲುಗಂಟೆಯಲ್ಲಿ ಯೋಗ್ಯವಾಯಿತು. ಎಷ್ಟೋ ಮನೆಗಳಲ್ಲಿ ಇಂತಹ ಯಂತ್ರಗಳು ಈ ಕಾಲುಗಂಟೆಯ ಕೆಲಸವಿಲ್ಲದೆ ಗುಜರಿಗೆ ಹೋದುವೇನೋ!

ಇಲ್ಲಿ ಒಂದು ಎಚ್ಚರಿಕೆ. ಈಚೆಗೆ ಕೊಂಡ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುವುದುಂಟು. ಅಂತಹವುಗಳ ಬಯಾಸನ್ನು ಕದಲಿಸಿದರೆ, ಯಂತ್ರವು ಮಾಲಿಕನನ್ನೇ ಕಳ್ಳನೆಂದು ಸಂಶಯಪಟ್ಟು 48 ಅಂಕೆಗಳ ಒಂದು ಸಂಖ್ಯೆಯನ್ನು ಕೇಳೀತು. ಅದನ್ನು ಮೊದಲೇ ಹುಡುಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು; ಯಂತ್ರದಲ್ಲಿ ಬರೆದಿಟ್ಟರೆ ಪ್ರಯೋಜನವಿಲ್ಲವೆಂಬುದು ಸ್ಪಷ್ಟ.

ಸ್ಮೃತಿಯನ್ನು 4ರಿಂದ 8 ಜಿಬಿಗೆ ಏರಿಸಿದೆವು. ತಿರುಗುವ ತಟ್ಟೆಗಳ ಹಳೆಯ ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿ ಎಂಬ ಚಲನವಿಲ್ಲದ ಸಂಗ್ರಹವನ್ನು ಹಾಕಿಸಿದೆವು. ಹಣ ಪರಿಮಿತವಾಗಿದ್ದು ಒಂದನ್ನೇ ಮಾಡಿಸಬೇಕಾದರೆ ಈ ಎರಡನೆಯದನ್ನು ಮಾಡಿಸಿರೆಂದು ಹೇಳುತ್ತೇವೆ. ಹಿಂದೆ ಯಂತ್ರವನ್ನು ಹೊತ್ತಿಸಿ, ಕಾಫಿ ಕಾಯಿಸಿ, ಕುಡಿದು ಬಂದು ಕೂರುತ್ತಿದ್ದೆವು. ಈಗ ಕಾಫಿಗೆ ಬೇರೆ ನೆಪವನ್ನು ಹುಡುಕಬೇಕಾಗಿದೆ.

ಅಂಗಡಿಯಲ್ಲಿ ಈ ಸಲವೂ, “ಎಲ್ಲಾ ಫಾರ್ಮ್ಯಾಟ್ ಮಾಡಿ ಫ್ರೆಶ್ಶಾಗಿ ಹಾಕಿಬಿಡೋಣ ಸಾರ್, ಅದೇ ಒಳ್ಳೆಯದು” ಎಂದರು. ಆಗ ನಮಗೆ ನಾವು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಪಾಠವು ನೆನಪಾಯಿತು. ಕನ್ನಡದ ಸಂಧಿಗಳು ಮೂರು ಬಗೆ: ಲೋಪ, ಆಗಮ, ಆದೇಶ. ಇದ್ದುದು ಬಿಟ್ಟುಹೋಗುವುದು ಲೋಪ. 2014ರಲ್ಲಿ ಅದನ್ನು ನಾವು ಸೋದಾಹರಣವಾಗಿ ಕಲಿತಿದ್ದೆವು. ಇದ್ದುದನ್ನು ಓಡಿಸಿ ಅದರ ಪೀಠದಲ್ಲಿ ಹೊಸದು ಕುಳಿತುಕೊಳ್ಳುವುದು ಆದೇಶ. ಇದ್ದವರನ್ನು ಇರಗೊಟ್ಟು ನಡುವೆ ಬಂದು ಸೇರುವುದು ಆಗಮ. ಆಗಮವು ಮಿತ್ರನಂತೆ, ಆದೇಶವು ಶತ್ರುವಿನಂತೆ ಎಂದು ಸಂಸ್ಕೃತ ವೈಯಾಕರಣರು ಹೋಲಿಸುವುದುಂಟು. ಡಿಸ್ಕನ್ನು ಅಳಿಸಿ ಹೊಸ ವ್ಯವಸ್ಥೆಯನ್ನು ಹಾಕುವುದು ಆದೇಶದ ಜಾತಿಗೆ ಸೇರಿದ್ದು. ಯಂತ್ರವು ರೋಗಗ್ರಸ್ತವಾಗಿದ್ದರೆ ಅದು ಬೇಕಾಗಬಹುದು. ಇದ್ದ ವ್ಯವಸ್ಥೆಯೊಳಗಿನಿಂದಲೇ ಮೇಲೇರಿಸುವ ಕ್ರಮದಲ್ಲಿ ಕಡತಗಳೂ ತಂತ್ರಾಂಶಗಳೂ ಫಾಂಟುಗಳೂ ತಮ್ಮ ತಮ್ಮ ಸ್ಥಳದಲ್ಲಿಯೇ ಉಳಿಯುತ್ತವೆ. ನೇರವಾಗಿ ಕೊಂಡ ವಿಂಡೋಸ್ 10 ಉಳ್ಳವರಿಗೆ ಇದಕ್ಕೆ ಹಣವನ್ನೂ ಕೇಳಲಿಲ್ಲ. ಮೇಲಾಗಿ, ಹೊಸದು ಒಗ್ಗದಿದ್ದರೆ ಹತ್ತು ದಿನಗಳೊಳಗಾಗಿ ಹಿಂದಿನದಕ್ಕೆ ಮರಳಬಹುದು. ಹಳೆಯ ಡಿಸ್ಕಿನ ಯಥಾಪ್ರತಿಯನ್ನು ಎಸ್‌ಎಸ್‌ಡಿಗೆ ಇಳಿಸಿ, ಅದರ ಮೇಲೆ ಆಗಮದ ಕ್ರಮದಿಂದಲೇ ವಿಂಡೋಸ್ 11ನ್ನು ಬರಮಾಡಿಕೊಂಡೆವು. ಹಳೆಯ ಡಿಸ್ಕನ್ನು ಕೇಳಿ ತೆಗೆದುಕೊಂಡು ಬಂದು, ತಾಳೆಯೋಲೆಯ ಕಟ್ಟನ್ನಿಡುವಂತೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇವೆ. ಅಂಗಡಿಯಲ್ಲಿ ಬಿಟ್ಟುಬರತಕ್ಕ ವಸ್ತುವಲ್ಲ ಅದು. ಮನೆಯ ಗುಟ್ಟುಗಳೆಲ್ಲ ಅದರಲ್ಲಿವೆ.

ಹೊಸ ವ್ಯವಸ್ಥೆಯ ಗುಣದೋಷಗಳನ್ನು ಹೆಚ್ಚಾಗಿ ಹೇಳಬೇಕಾದದ್ದಿಲ್ಲ. ಎಡಮೂಲೆಯಲ್ಲಿದ್ದ ಗುಂಡಿಯು ನಡುವಿಗೆ ಬಂದು ಕುಳಿತಿದೆ. ಅದನ್ನು ಪುನಃ ಎಡಕ್ಕೆ ಕಳುಹಿಸುವ ದಾರಿಯೂ ಇದೆ, ಕಳುಹಿಸಿದೆವು.

ಯಂತ್ರವು ನಿಜವಾಗಿಯೂ ಹಳೆಯದಾಗಿದ್ದು ಅನರ್ಹವಾದವರ ಪಾಡೇನು? ನಿಯಮಗಳನ್ನು ವಂಚಿಸಿ ವಿಂಡೋಸ್ 11ನ್ನು ಹಾಕಿಕೊಡುವವರು ಊರೂರಿನಲ್ಲಿಯೂ ಇದ್ದಾರೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ರಕ್ಷಣೆಯು ದೊರೆಯುವ ಭರವಸೆಯಿಲ್ಲವೆಂದು ತಯಾರಕರೇ ಹೇಳಿರುವುದರಿಂದ, ಯಾವ ಕಾರಣಕ್ಕಾಗಿ ಈ ಶ್ರಮವೆಲ್ಲವೋ ಆ ಕಾರಣವೇ ಕೆಡುತ್ತದೆ. ವಿಂಡೋಸ್ 10ರಲ್ಲಿಯೇ ಉಳಿಯುವ ಗೃಹಸ್ಥರಿಗಾಗಿ 2026ನೆಯ ಅಕ್ಟೋಬರ್ 13ರ ವರೆಗೆ ರಕ್ಷಣೆಯನ್ನು ಮುಂದುವರಿಸುವ ಯೋಜನೆಯೊಂದನ್ನು ಮೈಕ್ರೋಸಾಫ್ಟಿನವರು ಘೋಷಿಸಿದರು. ಅದಕ್ಕೆ ಹೆಸರು ನೋಂದಾಯಿಸಬೇಕು, ತಾನಾಗಿ ಬರುವುದಲ್ಲ. ಮೂರನೆಯ ದಾರಿ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ, ಲೈನಸ್ ಟೊರ್ವಾಲ್ಡ್ಸ್, ಆರಂಭಿಸಿದ ಈ ಪರಂಪರೆಯಲ್ಲಿ ಉಬುಂಟು, ಮಿಂಟ್ ಮೊದಲಾದ ಶಾಖೆಗಳು ಧರ್ಮಾರ್ಥವಾಗಿ ದೊರೆಯುತ್ತವೆ. ಒಂದು ಪೆನ್ ಡ್ರೈವಿನಿಂದಲೇ ಅದನ್ನು ನಡೆಸಿ, ಡಿಸ್ಕನ್ನು ಮುಟ್ಟದೆ, ಒಗ್ಗುವುದೋ ಇಲ್ಲವೋ ನೋಡಬಹುದು. ಕನ್ನಡ ಬೆರಳಚ್ಚುಗಾರರಿಗೆ ಪರಿಚಿತವಾದ ಕಗಪ ಕೀಲಿಮಣೆಯೂ ಅದರಲ್ಲಿದೆ. ನಮ್ಮ ನೆರೆಮನೆಯ ವೃದ್ಧೆಯೊಬ್ಬರ ಹತ್ತು ವರ್ಷದ ಯಂತ್ರಕ್ಕೆ ಅವರ ಮೊಮ್ಮಗನು ಮಿಂಟನ್ನು ಹಾಕಿಕೊಟ್ಟಿದ್ದಾನೆ. ಕಾಗದ ಬರೆಯುವುದೂ ಹರಿಕಥೆ ಕೇಳುವುದೂ ಸುಖವಾಗಿ ಸಾಗಿದೆ. ವಿಂಡೋಸಿಗೆಂದೇ ಮಾಡಿದ ಲೆಕ್ಕಪತ್ರದ ತಂತ್ರಾಂಶವನ್ನು ನಂಬಿದ ವ್ಯಾಪಾರಸ್ಥರು ಮಾತ್ರ ವಿಚಾರಿಸಿ ಕಾಲಿಡತಕ್ಕದ್ದು.

ನಿಮ್ಮ ವಿಂಡೋಸಿನ ಅವಧಿ ಮುಗಿದಿದೆ, ಸರಿಮಾಡಿಕೊಡುತ್ತೇವೆ ಎಂದು ದೂರವಾಣಿಯಲ್ಲಿ ತಾವಾಗಿಯೇ ಕರೆಯುವವರೂ ಉಂಟು. ಅಂತಹ ಕರೆಗೆ ಉತ್ತರವು ದೂರವಾಣಿಯನ್ನು ಕೆಳಗಿಡುವುದೇ. ಯಜಮಾನಿಯನ್ನು ಬದಲಾಯಿಸುವ ಕೆಲಸಕ್ಕೆ ಬೀದಿಯಲ್ಲಿ ಹೋಗುವವನ ಕೈಗೆ ಬಾಗಿಲ ಕೀಲಿಯನ್ನು ಕೊಟ್ಟವರಾರು?

ಈಗ ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಂಟೆಯ ಕಾಲ ನಮ್ಮ ಮನೆಯಲ್ಲಿ ತಿದ್ದುವ ಕೆಲಸವು ನಡೆಯುತ್ತಿದೆ. ಅವರು ಮೂಲವನ್ನು ಓದುತ್ತಾರೆ; ನಾವು ತೆರೆಯ ಮೇಲಿನ ಪಾಠವನ್ನು ನೋಡುತ್ತ ರೇಫಗಳನ್ನು ಸ್ಥಾನಕ್ಕೆ ಸೇರಿಸುತ್ತೇವೆ. ಓದುವುದೆಂದು ಆರಂಭವಾದದ್ದು ಎರಡನೆಯ ನುಡಿಯಲ್ಲಿ ಹಾಡಾಗಿಬಿಡುವುದರಿಂದ ಕೆಲಸವು ಮೆಲ್ಲಗೆ ಸಾಗಿದ್ದು, 112ರಲ್ಲಿ 64 ಮುಗಿದಿವೆ. ಕಳೆದ ಶುಕ್ರವಾರ ಆರತಿಯ ಹಾಡೊಂದನ್ನು ಹಾಡುತ್ತಿದ್ದವರು ನಡುವೆ ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪುಟದಲ್ಲಿಲ್ಲದ ಬೇರೊಂದು ಹಾಡನ್ನು ಹಾಡತೊಡಗಿದರು. ಹೋದ 31ರಲ್ಲಿ ಅದೊಂದು. ನಾಲ್ಕು ನುಡಿಗಳು ಬಂದವು; ಐದನೆಯದು ಇನ್ನೂ ಬಂದಿಲ್ಲ. ಬಂದಷ್ಟನ್ನು ಅವರೇ ಕೂತು ಬೆರಳಚ್ಚು ಮಾಡಿದರು. ಕಡತವನ್ನು ಎಲ್ಲಿಡಬೇಕೆಂಬ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಕೇಳಲಿಲ್ಲ.